ಅಂಗಳದಲ್ಲಿ ಎರಡು ಹೋಳಾದ ಟ್ರ್ಯಾಕ್ಟರು

ಸಿಂಗಪುರದಲ್ಲಿ ಬೇಸಾಯಕ್ಕೆಂದು ಉಳಿದಿರುವ ನೆಲ ನೂರಕ್ಕೆ ಒಂದು ಪಾಲಿನಷ್ಟು. ಅದೂ ಬಹುಮಟ್ಟಿಗೆ ವಾಯವ್ಯ ಮೂಲೆಯ ಕ್ರಾಂಜಿ, ಲಿಮ್ ಚು ಕಾಂಗ್ ಕಡೆ. ಭಾನುವಾರ ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ ಅವರು ಸೊಪ್ಪಿನ ಮಡಿ ನೋಡುತ್ತಾರೆ, ನನ್ನ ಕಣ್ಣು ಶೆಡ್ಡಿನಲ್ಲಿ ಯಾವ ಯಂತ್ರ ನಿಂತಿದೆ ಎಂದು ಹುಡುಕುತ್ತದೆ. ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವನಿಗೆ ಈ ಚಾಳಿ ಬಿಡುವಂಥದ್ದಲ್ಲ.

ಇಲ್ಲಿ ಗಾಡಿ ಬಿಚ್ಚುವುದಕ್ಕೆ ಅಂಗಳವೇ ಇಲ್ಲ. ಹತ್ತರಲ್ಲಿ ಸುಮಾರು ಎಂಟು ಮಂದಿ ಹೌಸಿಂಗ್ ಬೋರ್ಡಿನ ಫ್ಲ್ಯಾಟುಗಳಲ್ಲಿ ಇದ್ದೇವೆ. ಕಾರು ಕೆಟ್ಟರೆ ಸಿನ್ ಮಿಂಗ್‌ಗೋ ಕಾಕಿ ಬುಕಿಟ್‌ಗೋ ಎಳೆಸಿಕೊಂಡು ಹೋಗಬೇಕು. ಕ್ಲಚ್ ಸವೆಯುವಷ್ಟು ಕಾಲ ಕಾರು ಉಳಿಯುವುದೂ ಕಡಿಮೆ. 1990ರಿಂದ ಕಾರಿನ ಜೊತೆಗೆ ಅದನ್ನು ಇಟ್ಟುಕೊಳ್ಳುವ ಪರವಾನಗಿಯನ್ನೂ ಹರಾಜಿನಲ್ಲಿ ಕೊಳ್ಳಬೇಕಾಗಿದೆ, ಅದರ ಆಯಸ್ಸು 10 ವರ್ಷ. ಅವಧಿ ಮುಗಿದ ಮೇಲೆ ಎಷ್ಟೋ ಒಳ್ಳೆಯ ಕಾರುಗಳು ಗುಜರಿಗೆ ಹೋಗುತ್ತವೆ, ಇಲ್ಲವೇ ಹಡಗು ಹತ್ತುತ್ತವೆ.

ನಮ್ಮ ಕಡೆ ಟ್ರ್ಯಾಕ್ಟರಿಗೆ ಅಂಥ ಗಡುವಿಲ್ಲ. ಅದು ಮನೆಯಲ್ಲೇ ಮುದಿಯಾಗುತ್ತದೆ. ಮೊದಲು ಬಂದದ್ದು ಟಿಲ್ಲರು. 1967ರಲ್ಲಿ ಬೆಂಗಳೂರಿನಲ್ಲಿ ಮಿತ್ಸುಬಿಷಿ ಸಹಯೋಗದಲ್ಲಿ ಶುರುವಾದ ವಿ.ಎಸ್.ಟಿ. ಕಂಪನಿಯ ಟಿಲ್ಲರುಗಳ ಸದ್ದು ಕೇಳದ ಗದ್ದೆ ಮಲೆನಾಡಿನಲ್ಲಿ ಕಡಿಮೆ. ಆಮೇಲೆ ಅಡಿಕೆ ಸಾಲಿನ ನಡುವೆ ನುಸುಳಬಲ್ಲ ಪುಟ್ಟ ಟ್ರ್ಯಾಕ್ಟರುಗಳು ಬಂದವು.

ಡಿಸೆಂಬರಿನ ಶಾಲಾ ರಜೆಗೆ ಊರಿಗೆ ಹೋದಾಗ ಕೊಯ್ಲು ಜೋರಾಗಿತ್ತು. ಗೊನೆ ತುಂಬಿದ ಟ್ರೇಲರು ಎಳೆದುಕೊಂಡು ತೋಟದ ಏರು ಹತ್ತುವಾಗ ಎಂಜಿನ್ ಕಿರುಚುತ್ತದೆ, ಗಾಡಿ ಮಾತ್ರ ಮುಂದೆ ಸಾಗದು. ಜೊತೆಗೆ ಸುಟ್ಟ ವಾಸನೆ. ನನ್ನ ತಮ್ಮ ಮೊದಲು ಕ್ಲಚ್ ಪೆಡಲಿನ ಸಡಿಲ ನೋಡಿ ಸರಿಮಾಡಿದ. ಸಡಿಲವೇ ಇಲ್ಲದಿದ್ದರೆ ಬೇರಿಂಗು ಸದಾ ಒತ್ತಿಕೊಂಡಿದ್ದು ಪ್ಲೇಟು ಜಾರುತ್ತದೆ. ಸರಿಮಾಡಿದ ಮೇಲೂ ಜಾರಿತು. ಪ್ಲೇಟೇ ಹೋಗಿತ್ತು. ಏರಿನಲ್ಲಿ ಹಾಫ್ ಕ್ಲಚ್ ಹಿಡಿದು ನಿಲ್ಲಿಸುವ ಅಭ್ಯಾಸಕ್ಕೆ ಅದು ಇನ್ನೆಷ್ಟು ದಿನ ತಾಳೀತು? ಪೇಟೆಯ ಗ್ಯಾರೇಜಿನವರು ವಾರದ ಮೇಲೆ ಬನ್ನಿ ಅಂದರು. ಕೊಯ್ದ ಅಡಿಕೆ ವಾರ ಕಾಯುವುದಿಲ್ಲ.

ಕ್ಲಚ್ ಪ್ಲೇಟು ಊಟದ ತಟ್ಟೆಗಿಂತ ಚಿಕ್ಕದು. ಆದರೆ ಅದನ್ನು ತಲುಪಲು ಇಡೀ ಟ್ರ್ಯಾಕ್ಟರನ್ನು ನಡುವಿಗೆ ಬಿಡಿಸಬೇಕು. ಇಂಥ ಟ್ರ್ಯಾಕ್ಟರಿಗೆ ಲಾರಿಯಂತೆ ಬೇರೆ ಚಾಸಿಯಿಲ್ಲ. ಎಂಜಿನ್ನು, ಗೇರ್ ಬಾಕ್ಸು ಒಂದಕ್ಕೊಂದು ಬೋಲ್ಟಾಗಿ ಅವೇ ಬೆನ್ನುಮೂಳೆಯಾಗಿರುತ್ತವೆ. ಹಾಗಾಗಿ ಬ್ಯಾಟರಿ ಕಳಚಿ, ಬಾನೆಟ್ಟು, ಡೀಸೆಲ್ ಪೈಪು, ವೈರು, ಸ್ಟೀರಿಂಗ್ ರಾಡು ಒಂದೊಂದಾಗಿ ಬಿಡಿಸಿದೆವು. ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ನಿನ ಮೇಲೆ ತೂಗಾಡುವಂಥದ್ದು. ಎರಡೂ ಬದಿಗೆ ಮರದ ಬೆಣೆ ಬಡಿಯದೆ ಬಿಡಿಸಿದರೆ ಎಂಜಿನ್ ಭಾಗ ಪಕ್ಕಕ್ಕೆ ಉರುಳುತ್ತದೆ, ಕೆಳಗಿದ್ದವನ ಗತಿ ಹೇಳಬೇಕಿಲ್ಲ. ಮನೆಯಲ್ಲೇ ಈ ಕೆಲಸಕ್ಕೆ ಕೈಹಾಕುವವರು ಬೇರೇನು ಮರೆತರೂ ಬೆಣೆ ಮರೆಯಬಾರದು. ಗೇರ್ ಬಾಕ್ಸಿನಡಿ ಗಟ್ಟಿ ಸ್ಟ್ಯಾಂಡು ಕೊಟ್ಟು, ಬೋಲ್ಟು ಬಿಚ್ಚಿ ಮುಂಭಾಗವನ್ನು ಮೆಲ್ಲಗೆ ತಳ್ಳಿದಾಗ ಟ್ರ್ಯಾಕ್ಟರು ಅಂಗಳದಲ್ಲಿ ಎರಡಾಯಿತು.

ಪ್ಲೇಟಿನ ಲೈನಿಂಗು ಸವೆದು ರಿವೆಟ್ಟಿನ ತಲೆಗಳು ಮೇಲೆದ್ದಿದ್ದವು, ಫ್ಲೈವೀಲಿನ ಮೇಲೆ ಕಾವಿಗೆ ನೀಲಿಗಟ್ಟಿದ ಮಚ್ಚೆಗಳು. ಒಳಗಿನ ಕರಿ ಪುಡಿಯನ್ನು ಪಂಪಿನಿಂದ ಊದಲು ಹೊರಟವನನ್ನು ತಡೆದೆ. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರಬಹುದು, ಶ್ವಾಸಕೋಶಕ್ಕೆ ಹೊಕ್ಕರೆ ಅದು ಬಿಡುವ ಪೈಕಿಯಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಬಿಚ್ಚಿದ ಮೇಲೆ ಪ್ಲೇಟೊಂದೇ ಅಲ್ಲ, ಬೇರಿಂಗುಗಳನ್ನೂ ಹೊಸದು ಹಾಕುವುದೇ ಸರಿ. ಕೆಲವು ನೂರು ರೂಪಾಯಿ ಉಳಿಸಹೋಗಿ ಇನ್ನೊಮ್ಮೆ ಟ್ರ್ಯಾಕ್ಟರು ಸೀಳುವ ಕಷ್ಟ ಯಾರಿಗೂ ಬೇಡ.

ಹೊಸ ಪ್ಲೇಟು ಫ್ಲೈವೀಲಿನ ನಡುವಿಗೆ ಕರಾರುವಾಕ್ಕಾಗಿ ಕೂರಬೇಕು. ತಮ್ಮ ಸಿಲ್ವರ್ ಮರದ ಗೂಟವೊಂದನ್ನು ಕೆತ್ತಿ, ಅಳತೆಗೆ ಟೇಪು ಸುತ್ತಿ, ನಡುವೆ ತೂರಿಸಿ ಹಿಡಿದ. ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದು ಗೂಟ ಎಳೆದ. ಎರಡು ಭಾಗ ಮತ್ತೆ ಕೂಡಿಸುವಾಗ ಒಂದಂಗುಲದ ಹತ್ತಿರ ಬಂದು ನಿಂತಿತು. ಬೋಲ್ಟು ಹಾಕಿ ಎಳೆದುಬಿಡೋಣ ಅನ್ನಿಸುವುದು ಅಲ್ಲೇ, ಪ್ಲೇಟಿನ ಹಲ್ಲು ಹಾಳಾಗುವುದೂ ಅಲ್ಲೇ. ಅವನು ಹಿಂಭಾಗದಲ್ಲಿ ಸಲಕರಣೆಗಳಿಗೆ ತಿರುಗುಬಲ ಕೊಡುವ ಪಿ.ಟಿ.ಓ. ಶಾಫ್ಟು ಹಿಡಿದು ಕೂದಲೆಳೆಯಷ್ಟು ತಿರುಗಿಸಿದ. ಹಲ್ಲಿಗೆ ಹಲ್ಲು ಸಿಕ್ಕಿ, ಟ್ರ್ಯಾಕ್ಟರು ಬರಿಗೈ ಒತ್ತಡಕ್ಕೆ ಮುಚ್ಚಿಕೊಂಡಿತು.

ಈ ಎಲ್ಲದರಲ್ಲಿ ನನ್ನ ಪಾಲು ಪುಸ್ತಕ ಓದುವುದು. ಯಾವ ಬೋಲ್ಟಿಗೆ ಎಷ್ಟು ಬಿಗಿ, ಪ್ಲೇಟಿನ ಯಾವ ಮುಖ ಫ್ಲೈವೀಲಿಗೆ, ಪೆಡಲಿಗೆ ಎಷ್ಟು ಮಿಲಿಮೀಟರ್ ಸಡಿಲ ಎಲ್ಲವೂ ಕಂಪನಿಯ ಕೈಪಿಡಿಯಲ್ಲಿತ್ತು, ಇಂಗ್ಲಿಷಿನಲ್ಲಿ. ಕೈಯಲ್ಲಿ ಇಷ್ಟು ವಿದ್ಯೆಯಿರುವ ಮನುಷ್ಯ ತನ್ನದೇ ಯಂತ್ರದ ಅಂಕಿಗಳಿಗೆ ಸಿಂಗಪುರದ ಅಣ್ಣನನ್ನು ಕಾಯುವುದು ಅನ್ಯಾಯ.

ಸಿಂಗಪುರದಲ್ಲಿ 2014ರಿಂದ ರಿಪೇರ್ ಕೊಪಿಟಿಯಾಮ್ ಎಂಬ ಕೂಟ ನಡೆಯುತ್ತಿದೆ. ಕೆಟ್ಟ ಫ್ಯಾನು, ಮಿಕ್ಸಿ ತಂದವರಿಗೆ ಸ್ವಯಂಸೇವಕರು ಪಕ್ಕದಲ್ಲಿ ಕೂತು ದುರಸ್ತಿ ಕಲಿಸುತ್ತಾರೆ. ಬಿಸಾಡುವುದೇ ಸುಲಭವಾದ ಊರಿನಲ್ಲಿ ಕೈಗೆಲಸವನ್ನು ಹೀಗೆ ಹೊಸದಾಗಿ ಕಲಿಸಬೇಕಾಗಿದೆ. ನಮ್ಮ ಹಳ್ಳಿಗಳಲ್ಲಿ ಆ ಕೈಗಳು ಇನ್ನೂ ಇವೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿಗಾಗಿ ಸಮಿತಿ ಮಾಡಿದಾಗ ಗುರುತಿಸಿದ ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಒಂದು. ಆ ಹಕ್ಕು ರೈತನ ಭಾಷೆಯಲ್ಲೂ ಇರಬೇಕು. ಕರ್ನಾಟಕದಲ್ಲಿ ಟ್ರ್ಯಾಕ್ಟರು ಮಾರುವ ಕಂಪನಿಗಳು ಸರ್ವಿಸ್ ಕೈಪಿಡಿಯನ್ನು, ಬಿಗಿಯ ಅಂಕಿಗಳ ಸಮೇತ, ಕನ್ನಡದಲ್ಲಿ ಕೊಡಲಿ. ಕೊಳ್ಳುವವರೂ ಮುಂಗಡ ಕೊಡುವ ಮೊದಲೇ ಅದನ್ನು ಕೇಳಿ.