ಅಂಗಿಯ ಕೊರಳಿನ ಹೆಸರು



ನೀವು ತೊಟ್ಟಿರುವ ಅಂಗಿಯ ಕೊರಳಿನ ಒಳಬದಿಯಲ್ಲಿ ಒಂದು ಪುಟ್ಟ ಪಟ್ಟಿಯಿರುತ್ತದೆ. ಅದರ ಮೇಲೆ ಒಂದು ಹೆಸರಿರುತ್ತದೆ. ಅದು ನೂತವರ ಹೆಸರಲ್ಲ, ನೇಯ್ದವರದಲ್ಲ, ಹೊಲಿದವರದೂ ಅಲ್ಲ. ಆ ಉಡುಪಿನ ಹೊಣೆ ಹೊತ್ತವರ ಹೆಸರು. ವಸ್ತ್ರವಿನ್ಯಾಸ ಕಲಿತ ಅನೇಕ ಯುವಕ ಯುವತಿಯರು ಇಂದು ಅಲ್ಲಿ ತಮ್ಮದೇ ಹೆಸರನ್ನು ಕಾಣಬಯಸುತ್ತಾರೆ. ಬಯಕೆ ಸಹಜವಾದುದೇ. ಆದರೆ ಆ ಅಂಗುಲದಗಲದ ಪಟ್ಟಿಯ ಭಾರವೆಷ್ಟೆಂಬುದನ್ನು ಅವರೂ ಅವರ ಹೆತ್ತವರೂ ಮೊದಲೇ ಅರಿತಿರುವುದು ಒಳಿತು.

ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿಯ ಕಡೆಯ ತಾಯಿಯೊಬ್ಬರು ಕೆಲವು ತಿಂಗಳ ಹಿಂದೆ ನನ್ನನ್ನು ಕೇಳಿದರು: “ಮಗಳು ಬೆಂಗಳೂರಲ್ಲಿ ಡಿಸೈನಿಂಗ್ ಓದಿದ್ದಾಳೆ. ಕಂಪನಿ ಕೆಲಸ ಬೇಡ, ಊರಲ್ಲೇ ಸ್ವಂತ ಬ್ರ್ಯಾಂಡ್ ಮಾಡ್ತೀನಿ ಅಂತಾಳೆ. ಅಡಿಕೆ ತೋಟದ ನಡುವೆ ಫ್ಯಾಷನ್ ನಡೆಯುತ್ತಾ ಫಾದರ್?” ಎಲೆಚುಕ್ಕಿ ರೋಗವು ತೋಟದ ಆದಾಯವನ್ನು ಕುಗ್ಗಿಸಿರುವ ಈ ದಿನಗಳಲ್ಲಿ ಆ ತಾಯಿಯ ಆತಂಕ ಹಗುರವಾದುದಲ್ಲ. ಅವರು ಕೇಳಿದ್ದು ಬಟ್ಟೆಯ ವಿಚಾರವನ್ನಷ್ಟೇ ಅಲ್ಲ. ಮಗಳು ಊರಿನಲ್ಲಿ ಉಳಿದು ಬದುಕಬಲ್ಲಳೇ ಎಂಬುದನ್ನು.

ಉತ್ತರವನ್ನು ಬಹುದೂರ ಅರಸಬೇಕಾಗಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆ ಎಂಬ ಹಳ್ಳಿಯಿದೆ. ಅಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತನದಲ್ಲಿ 1990ರ ದಶಕದ ಮಧ್ಯಭಾಗದಲ್ಲಿ ‘ಚರಕ’ ಎಂಬ ಮಹಿಳಾ ಸಹಕಾರ ಸಂಘ ಹುಟ್ಟಿತು. ನೇಕಾರಿಕೆಯ ಪರಂಪರೆಯಿಲ್ಲದ ಮಲೆನಾಡಿನ ಹೆಣ್ಣುಮಕ್ಕಳು ಮಗ್ಗದ ಮುಂದೆ ಕುಳಿತು ಕೆಲಸ ಕಲಿತರು. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು, ದಾಳಿಂಬೆಯ ಸಿಪ್ಪೆ, ನೀಲಿ ಮುಂತಾದವುಗಳಿಂದ ನೂಲಿಗೆ ಬಣ್ಣ ಕಟ್ಟಿದರು. ನಾವು ದಿನವೂ ಕಾಣುವ ಚೊಗರಿನ ಕೆಂಗಂದು ಬಣ್ಣ ನಗರದವರ ಮೈಮೇಲೆ ಜುಬ್ಬವಾಗಿ ಶೋಭಿಸಿತು. ಈ ಬಟ್ಟೆಗಳನ್ನು ಮಾರುವುದಕ್ಕೆಂದೇ ‘ದೇಸಿ’ ಎಂಬ ಪ್ರತ್ಯೇಕ ಸಂಸ್ಥೆ ಏರ್ಪಟ್ಟು ಬೆಂಗಳೂರಿನಲ್ಲಿ ಅಂಗಡಿಗಳನ್ನು ತೆರೆಯಿತು. ತಯಾರಿಕೆ ಹಳ್ಳಿಯಲ್ಲಿ, ಮಾರಾಟ ಪಟ್ಟಣದಲ್ಲಿ. ಎರಡಕ್ಕೂ ಬೇರೆ ಬೇರೆ ಜನ, ಬೇರೆ ಬೇರೆ ಜಾಣ್ಮೆ. ತೋಟದ ನಡುವೆ ಉಡುಪು ಹುಟ್ಟಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಏಕೆ?

ಒಂದು ಮನೆತನದ ಉದಾಹರಣೆಯೂ ಉಂಟು. ಬೆಂಗಳೂರಿನಲ್ಲಿ ಚಿಮ್ಮಿ ನಂಜಪ್ಪ ಮತ್ತು ಅವರ ಮಗಳು ಪವಿತ್ರಾ ಮುದ್ದಯ್ಯ 1974ರಲ್ಲಿ ‘ವಿಮೋರ್’ ಎಂಬ ಹೆಸರಿನಲ್ಲಿ ಸೀರೆಗಳ ಕಾಯಕವನ್ನು ಆರಂಭಿಸಿದರು. ಹಳೆಯ ಸೀರೆಗಳ ಅಂಚು, ಸೆರಗುಗಳ ವಿನ್ಯಾಸವನ್ನು ಅಭ್ಯಾಸ ಮಾಡಿ, ನೇಕಾರರ ಬಳಿಗೆ ಹೋಗಿ, ಅವನ್ನು ಮರಳಿ ಮಗ್ಗಕ್ಕೇರಿಸಿದರು. ಆ ಹೆಸರು ಅರ್ಧ ಶತಮಾನ ಬಾಳಿದೆ. ಮಗಳು ವಿನ್ಯಾಸಕಿಯಾದದ್ದು ನೇಕಾರರ ಒಡನಾಟದಲ್ಲಿ ಎಂಬುದನ್ನು ಯುವಜನರು ಗಮನಿಸಬೇಕು.

ಹಾಗಾದರೆ ಎಡವುವುದೆಲ್ಲಿ? ಹೆಚ್ಚಿನ ಸಂದರ್ಭಗಳಲ್ಲಿ ಕಲ್ಪನೆಯ ಬಡತನದಿಂದಲ್ಲ, ಲೆಕ್ಕದಲ್ಲಿ. ಒಂದು ಕುರ್ತಾಗೆ ಬಟ್ಟೆ, ಬಣ್ಣ, ಹೊಲಿಗೆ ಸೇರಿ 700 ರೂಪಾಯಿ ತಗಲಿತೆಂದು ಇಟ್ಟುಕೊಳ್ಳೋಣ. ಅದನ್ನು 1,000 ರೂಪಾಯಿಗೆ ಮಾರಿದರೆ 300 ರೂಪಾಯಿ ಲಾಭವೆಂದು ಮನಸ್ಸು ಹಿಗ್ಗುತ್ತದೆ. ನೂರು ಕುರ್ತಾ ಸಿದ್ಧಪಡಿಸಲು 70,000 ಖರ್ಚಾಯಿತು. ಹಬ್ಬ ಮುಗಿಯುವ ಹೊತ್ತಿಗೆ ಮಾರಾಟವಾದದ್ದು ಅರವತ್ತು. ಕೈಗೆ ಬಂದದ್ದು 60,000. ಕಾಗದದ ಮೇಲೆ ಲಾಭ, ಪೆಟ್ಟಿಗೆಯಲ್ಲಿ 10,000 ರೂಪಾಯಿಯ ಕೊರತೆ, ಕಪಾಟಿನಲ್ಲಿ ನಲವತ್ತು ಕುರ್ತಾ. ಅಂಗಡಿಯ ಕಮಿಷನ್, ಅಂಚೆ ವೆಚ್ಚ, ಅಳತೆ ಸರಿಹೊಂದದೆ ಮರಳಿ ಬಂದ ಬಟ್ಟೆ, ತೆರಿಗೆ ಇವೆಲ್ಲ ಇನ್ನೂ ಬಾಕಿ. ಮುಂದಿನ ನೂಲು ಕೊಳ್ಳುವುದು ಯಾವ ಹಣದಿಂದ? ಆದುದರಿಂದಲೇ ಅನುಭವಿಗಳು ನೂರರ ಬದಲು ಇಪ್ಪತ್ತನ್ನು ಮಾಡಿ, ಮಾರಿ, ಬಂದ ಹಣದಿಂದ ಮತ್ತೆ ಇಪ್ಪತ್ತನ್ನು ಮಾಡೆನ್ನುತ್ತಾರೆ.

ಗಟ್ಟಿಯಾಗಿ ಬೇರೂರಿದವರನ್ನೂ ಈ ಲೆಕ್ಕ ಬಿಡುವುದಿಲ್ಲ. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ, ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಬೇಡವೆಂದು ಪ್ರಸನ್ನ ಉಪವಾಸ ಕುಳಿತರು. 2020ರಲ್ಲಿ ಲಾಕ್‌ಡೌನ್ ಬಂದು ಮಾರಾಟ ನಿಂತಿತು. ಕಾಲು ಶತಮಾನದ ಕೀರ್ತಿಯಿದ್ದ ಚರಕವೇ ದಿವಾಳಿಯಾಗಿದೆಯೆಂದು ಆ ವರ್ಷ ಬಹಿರಂಗವಾಗಿ ಸಾರಬೇಕಾಯಿತು. ಬಟ್ಟೆ ಚೆನ್ನಾಗಿರಲಿಲ್ಲವೆಂದಲ್ಲ, ಕೈ ಸೋತಿತೆಂದಲ್ಲ. ಸಂಕಷ್ಟವನ್ನು ಮುಚ್ಚಿಡದೆ ಸಮಾಜದ ಮುಂದಿಟ್ಟ ಆ ಪ್ರಾಮಾಣಿಕತೆಯೂ ಒಂದು ಪಾಠವೇ.

ಹೊರಡುವ ಮಕ್ಕಳಿಗೆ ಒಂದೆರಡು ಕಿವಿಮಾತು. ಹೆಸರನ್ನು ಜಗತ್ತಿಗೆ ಸಾರುವ ಮುನ್ನ ಅದು ಇನ್ನೊಬ್ಬರದಲ್ಲವೆಂದು ನೋಡಿಕೊಂಡು ಟ್ರೇಡ್‌ಮಾರ್ಕ್ ನೋಂದಣಿಗೆ ಅರ್ಜಿ ಹಾಕಿರಿ. ಉಡುಪುಗಳು 25ನೇ ವರ್ಗಕ್ಕೆ ಸೇರುತ್ತವೆ. ನೋಂದಣಿ ಹತ್ತು ವರ್ಷ ಬಾಳುತ್ತದೆ, ಮತ್ತೆ ನವೀಕರಿಸಬಹುದು. ಮನೆಯ ಖರ್ಚಿನ ಹಣವನ್ನೂ ಬಟ್ಟೆಯ ಹಣವನ್ನೂ ಒಂದೇ ಚೀಲದಲ್ಲಿ ಇಡಬೇಡಿರಿ. ಎಲ್ಲಕ್ಕಿಂತ ಮಿಗಿಲಾಗಿ, ಹೊಲಿದವರ ಕೂಲಿಯನ್ನು ಮಾರಾಟವಾಗುವವರೆಗೆ ತಡೆಹಿಡಿಯಬೇಡಿರಿ. ಅಂಗಿಯ ಕೊರಳಿನಲ್ಲಿ ಹೆಸರು ನಿಮ್ಮದಾದರೆ, ನಷ್ಟವೂ ಮೊದಲು ನಿಮ್ಮದೇ. ಕೂಲಿ ಬಾಕಿಯಿಟ್ಟು ಬೆಳಗಿದ ಹೆಸರು ಹೆಚ್ಚು ಕಾಲ ಬೆಳಗದು.

ಇನ್ನು ನಮ್ಮ ಪಾಲಿನ ಕರ್ತವ್ಯವೇನು? ಮಕ್ಕಳು ಊರು ಬಿಡುತ್ತಾರೆಂದು ಕೊರಗುವವರು ನಾವೇ. ಊರಿನಲ್ಲಿ ಹೊಲಿದ ಅಂಗಿಗೆ ಚೌಕಾಸಿ ಮಾಡಿ, ಪೇಟೆಯ ಮಾಲಿನಲ್ಲಿ ಬರೆದಷ್ಟು ಬೆಲೆ ತೆತ್ತು ಬರುವವರೂ ನಾವೇ. ಮಗಳ ಬ್ರ್ಯಾಂಡಿಗೆ ತೋಟ ಅಡವಿಡಬೇಡಿ, ಆದರೆ ಒಂದೆರಡು ವರ್ಷ ಕಲಿಯಲು ಅವಳಿಗೆ ಮನೆಯ ಒಂದು ಕೋಣೆಯನ್ನು ಬಿಟ್ಟುಕೊಡಿ ಎಂದು ಆ ತಾಯಿಗೆ ಹೇಳಿದೆ. ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಹಬ್ಬಕ್ಕೆ ಹೊಸಬಟ್ಟೆ ಕೊಳ್ಳುವಾಗ ನಿಮ್ಮ ಊರಿನ ಆಸುಪಾಸಿನಲ್ಲಿ ಹೀಗೆ ದುಡಿಯುತ್ತಿರುವವರು ಯಾರೆಂದು ವಿಚಾರಿಸಿರಿ. ಅವರಿಂದ ಒಂದು ಅಂಗಿಯನ್ನಾದರೂ ಕೊಂಡು, ಅದರ ಪೂರ್ಣ ಬೆಲೆಯನ್ನು ಅಂದೇ ಕೊಟ್ಟುಬಿಡಿರಿ.