ಕೇಳದೇ ಕೊಟ್ಟ ತೀರ್ಪು

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಬೇಯೋನ್ ಎಂಬ ಊರು. ಹಡಗುಕಟ್ಟೆಯ ಕೂಲಿಯೊಬ್ಬರ ಮಗ ಅಲ್ಲಿ ಆಟಿಕೆಯ ಕೋಟೆಯೊಳಗೆ ಪುಟ್ಟ ಆಮೆಗಳನ್ನು ಸಾಕಿದ್ದ. ಆಮೆಗಳು ಒಂದೊಂದಾಗಿ ಸತ್ತವು. ಬೇರೆ ಮಕ್ಕಳಾಗಿದ್ದರೆ ಅತ್ತು ಸುಮ್ಮನಾಗುತ್ತಿದ್ದರೇನೋ. ಈ ಹುಡುಗ ಮಾತ್ರ, ಅವು ಪಟ್ಟಕ್ಕಾಗಿ ಸಂಚು ಹೂಡಿ ಒಂದನ್ನೊಂದು ಕೊಲ್ಲುತ್ತಿವೆ ಎಂದು ಕಥೆ ಕಟ್ಟಿದ. 1948ರಲ್ಲಿ ಹುಟ್ಟಿದ ಆ ಹುಡುಗನೇ ಮುಂದೆ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ಆದ.

ಕೋಟೆ, ಕತ್ತಿ, ಡ್ರ್ಯಾಗನ್‌ಗಳ ಕಥೆ ಎಂದೊಡನೆ ಓದುಗನಿಗೆ ಒಂದು ಧೈರ್ಯವಿರುತ್ತದೆ. ಒಳ್ಳೆಯವನು ಎಷ್ಟೇ ಕಷ್ಟಪಟ್ಟರೂ ಕೊನೆಗೆ ಗೆಲ್ಲುತ್ತಾನೆ. 1996ರಲ್ಲಿ ಬಂದ ಮಾರ್ಟಿನ್‌ರ 'ಎ ಗೇಮ್ ಆಫ್ ಥ್ರೋನ್ಸ್' ಈ ಧೈರ್ಯವನ್ನೇ ಕಿತ್ತುಕೊಂಡಿತು. ಕಥಾನಾಯಕನೆಂದು ಎಲ್ಲರೂ ನಂಬಿದ್ದ ಎಡ್ಡಾರ್ಡ್ ಸ್ಟಾರ್ಕ್ ಸತ್ಯವಂತ, ಮಕ್ಕಳೆಂದರೆ ಪ್ರಾಣ ಬಿಡುವ ತಂದೆ. ಮೊದಲ ಸಂಪುಟ ಮುಗಿಯುವ ಮುನ್ನವೇ ಅವನ ತಲೆ ಉರುಳುತ್ತದೆ. ಲೇಖಕರಿಗೆ ಹಾಗೆ ತೋಚಿತೆಂದು ಅಲ್ಲ. ತಪ್ಪು ಮಾಡಿದ ರಾಣಿಯ ಮಕ್ಕಳ ಮೇಲಿನ ಕನಿಕರದಿಂದ ಅವನು ಆಕೆಗೆ ಮೊದಲೇ ಎಚ್ಚರಿಕೆ ಕೊಟ್ಟಿರುತ್ತಾನೆ. ಅವನ ಒಳ್ಳೆಯತನವೇ ಅವನಿಗೆ ಮುಳುವಾಗುತ್ತದೆ.

ಅದೇ ಸಂಪುಟದಲ್ಲಿ ಜೇಮೀ ಲ್ಯಾನಿಸ್ಟರ್ ಎಂಬ ಯೋಧ ಬರುತ್ತಾನೆ. ತನ್ನ ಗುಟ್ಟನ್ನು ಕಂಡ ಏಳು ವರ್ಷದ ಬಾಲಕ ಬ್ರಾನ್‌ನನ್ನು ಗೋಪುರದ ಕಿಟಕಿಯಿಂದ ಕೆಳಗೆ ದೂಡುತ್ತಾನೆ. ಹಿಂದೆ ರಾಜನ ಅಂಗರಕ್ಷಕನಾಗಿದ್ದುಕೊಂಡೇ ರಾಜನನ್ನು ಕೊಂದವನು ಎಂಬ ಅಪಕೀರ್ತಿಯೂ ಅವನಿಗಿದೆ. ಇಂಥವನನ್ನು ದ್ವೇಷಿಸಲು ಓದುಗನಿಗೆ ಇನ್ನೇನು ಬೇಕು?

ಮಾರ್ಟಿನ್ ಈ ಕಥೆಯಲ್ಲಿ ಒಂದೊಂದು ಅಧ್ಯಾಯವನ್ನು ಒಂದೊಂದು ಪಾತ್ರದ ಕಣ್ಣಿನಿಂದ ಹೇಳುತ್ತಾರೆ. ಜೇಮೀಯ ಸರದಿ ಬರುವುದು 2000ದಲ್ಲಿ ಪ್ರಕಟವಾದ ಮೂರನೆಯ ಸಂಪುಟದಲ್ಲಿ. ಅಲ್ಲಿ ಕತ್ತಿ ಹಿಡಿಯುವ ಬಲಗೈಯನ್ನು ಕಳೆದುಕೊಂಡ ಅವನು, ತನ್ನನ್ನು ಕೀಳಾಗಿ ಕಾಣುತ್ತಿದ್ದ ಬ್ರಿಯೆನ್ ಎಂಬ ವೀರವನಿತೆಯ ಮುಂದೆ ಬಾಯಿಬಿಡುತ್ತಾನೆ. ಹುಚ್ಚುದೊರೆ ಇಡೀ ರಾಜಧಾನಿಯನ್ನು ಜನರ ಸಮೇತ ಸುಟ್ಟುಬಿಡಲು ನೆಲದಡಿ ಬೆಂಕಿಮದ್ದು ಹೂಳಿಸಿದ್ದ. ಅದನ್ನು ತಪ್ಪಿಸಲೆಂದೇ ಹದಿನೇಳರ ಹುಡುಗ ಜೇಮೀ ಕತ್ತಿ ಎತ್ತಿದ್ದ. ಊರನ್ನು ಉಳಿಸಿದ್ದಕ್ಕೆ ಸಿಕ್ಕಿದ್ದು 'ರಾಜಘಾತುಕ' ಎಂಬ ಬಿರುದು.

ಹಾಗಾದರೆ ಅಂದೇ ಏಕೆ ಹೇಳಲಿಲ್ಲ? ದೊರೆಯ ಹೆಣದ ಬಳಿ ಅವನನ್ನು ಕಂಡ ಎಡ್ಡಾರ್ಡ್ ಸ್ಟಾರ್ಕ್ ಏನಾಯಿತೆಂದು ಕೇಳಲೇ ಇಲ್ಲ. ನೋಟದಲ್ಲೇ ತೀರ್ಪು ಕೊಟ್ಟುಬಿಟ್ಟ. ಅಭಿಮಾನಿಯಾದ ಹುಡುಗ ಬಾಯಿ ಮುಚ್ಚಿಕೊಂಡ. ಇಲ್ಲಿ ಓದುಗ ತಲೆತಗ್ಗಿಸಬೇಕಾಗುತ್ತದೆ. ಸತ್ಯವಂತನೆಂದು ತಾನು ನೆಚ್ಚಿದವನೇ ವಿಚಾರಿಸದೆ ತೀರ್ಪು ಕೊಟ್ಟ. ತಾನೂ ಅವನ ಜೊತೆಗೇ ನಿಂತಿದ್ದ!

ಹಾಗೆಂದು ಮಾರ್ಟಿನ್ ಜೇಮೀಯನ್ನು ತೊಳೆದು ಶುದ್ಧ ಮಾಡುವುದಿಲ್ಲ. ಬ್ರಾನ್ ಮತ್ತೆ ನಡೆಯಲಾರ. ಒಬ್ಬನನ್ನು ಅರ್ಥಮಾಡಿಕೊಳ್ಳುವುದು ಬೇರೆ, ಅವನ ತಪ್ಪನ್ನು ಮನ್ನಿಸುವುದು ಬೇರೆ. 'ಗದಾಯುದ್ಧ'ದಲ್ಲಿ ರನ್ನ ಚಿತ್ರಿಸಿದ ದುರ್ಯೋಧನನಿಗಾಗಿ ಮರುಗಿದ ಕನ್ನಡಿಗರಿಗೆ ಈ ಇಬ್ಬಂದಿ ಹೊಸದೇನಲ್ಲ.

2011ರಿಂದ 2019ರವರೆಗೆ ಟಿ.ವಿ. ಧಾರಾವಾಹಿಯಾಗಿ ಲೋಕಪ್ರಸಿದ್ಧವಾದ ಈ ಕಥೆಯಲ್ಲಿ ರಕ್ತಪಾತವಿದೆ, ಚಿಕ್ಕ ಮಕ್ಕಳಿಗೆ ಸಲ್ಲದ ಪ್ರಸಂಗಗಳೂ ಇವೆ. ತಂದೆತಾಯಿಯರು ಹಿಂಜರಿದರೆ ತಪ್ಪಿಲ್ಲ. ಆದರೆ ಕಾಲೇಜು ಮೆಟ್ಟಿಲು ಹತ್ತಿದ ಮಗನೋ ಮಗಳೋ ಈ ದಪ್ಪ ಪುಸ್ತಕದಲ್ಲಿ ಮುಳುಗಿದ್ದರೆ, ಗದರಿಸುವ ಮುನ್ನ ಜೇಮೀಯ ಬಗ್ಗೆ ನಿನಗೇನನ್ನಿಸಿತು ಎಂದು ಕೇಳಿ ನೋಡಬಹುದು. ಅಂಕಪಟ್ಟಿ ಕೈಗೆ ಬಂದ ದಿನ, ಮಗ ತಡವಾಗಿ ಮನೆಗೆ ಬಂದ ರಾತ್ರಿ, ಪ್ರತಿ ಮನೆಯಲ್ಲೂ ಒಬ್ಬ ಎಡ್ಡಾರ್ಡ್ ಬಾಗಿಲಲ್ಲಿ ನಿಂತಿರುತ್ತಾನೆ. 'ಏನಾಯಿತಪ್ಪಾ?' ಎಂಬ ಒಂದು ಮಾತು ಅವನ ಬಾಯಿಂದ ಬಂದರೆ ಸಾಕು, ಹುಡುಗ ವರ್ಷಗಟ್ಟಲೆ ಬಾಯಿ ಮುಚ್ಚಿಕೊಳ್ಳುವುದು ತಪ್ಪೀತು.