ಏಡಿಯ ಹಿಡಿತವೂ ಒಂದು ಲೆಕ್ಕವೂ

ನಮ್ಮ ರಾಯದುರ್ಗ ಸೀಮೆಯ ಎಷ್ಟೋ ಬಾವಿಗಳ ನೀರಿನಲ್ಲಿ ಬೇಳೆ ಬೇಗ ಬೇಯದು, ಸಾಬೂನು ನೊರೆಗಟ್ಟದು. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಅಯಾನುಗಳೇ ಈ ಗಡಸುತನಕ್ಕೆ ಕಾರಣ. ಇದನ್ನು ಇ.ಡಿ.ಟಿ.ಎ. ಎಂಬ ರಾಸಾಯನಿಕದಿಂದ ಅಳೆಯುವ ಕ್ರಮವನ್ನು ಜ್ಯೂರಿಕ್‌ನ ಗೆರೋಲ್ಡ್ ಶ್ವಾರ್ಜೆನ್‌ಬಾಖ್ 1940ರ ದಶಕದಲ್ಲಿ ರೂಢಿಗೆ ತಂದರು.

ಕಾಲೇಜು ಸೇರಿದ ನಮ್ಮ ಮಕ್ಕಳು ರಜೆಯಲ್ಲಿ ಬಂದು, "ಸಾರ್, ಈ ಸಮತೋಲನದ ಲೆಕ್ಕ ತಲೆಗೆ ಹತ್ತುತ್ತಿಲ್ಲ. ಕನ್ನಡದಲ್ಲಿ ಓದಿದ್ದೇ ತಪ್ಪಾಯಿತೇ?" ಎಂದು ಕೇಳುತ್ತಿದ್ದರು. ಕನ್ನಡದಲ್ಲಿಯೇ ಮೆಟ್ರಿಕ್ ಮುಗಿಸಿ, ಬಳಿಕ ಇಂಗ್ಲಿಷಿನಲ್ಲಿ ರಸಾಯನಶಾಸ್ತ್ರ ಕಲಿತ ನನಗೆ ಆ ಪ್ರಶ್ನೆಯ ನೋವು ಹೊಸದಲ್ಲ. ಅವರಿಗೆ ಜಗಲಿಯ ಮೇಲೆ ಹೇಳುತ್ತಿದ್ದುದನ್ನೇ ಇಲ್ಲಿ ಬರೆಯುತ್ತೇನೆ.

'ಕೀಲೇಟ್' ಎಂಬ ಪದ 1920ರಲ್ಲಿ ರಸಾಯನಶಾಸ್ತ್ರಕ್ಕೆ ಬಂದಿತು. ಏಡಿಯ ಚಿಮುಟದಂಥ ಕಾಲನ್ನು ಹೇಳುವ ಗ್ರೀಕ್ ಮಾತು ಅದರ ಮೂಲ. ಒಂದು ಇ.ಡಿ.ಟಿ.ಎ. ಅಣು ಒಂದು ಲೋಹದ ಅಯಾನನ್ನು ಆರು ಕಡೆಯಿಂದ ಹಿಡಿಯಬಲ್ಲದು. ಕ್ಯಾಲ್ಸಿಯಂ ಮೇಲಿನ ಆ ಹಿಡಿತದ ಸ್ಥಿರಾಂಕ ಸುಮಾರು 5×10¹⁰. ಆದರೆ ಪಿ.ಎಚ್. 10ರಲ್ಲಿ, ಲೋಹವನ್ನು ಹಿಡಿಯದೆ ಉಳಿದ ಇ.ಡಿ.ಟಿ.ಎ.ಯ ಸುಮಾರು ಮೂರನೆಯ ಒಂದು ಪಾಲು ಮಾತ್ರ ಪ್ರೋಟಾನುಗಳನ್ನೆಲ್ಲ ಕಳಚಿಕೊಂಡಿರುತ್ತದೆ. ಆದುದರಿಂದ ಲೆಕ್ಕಕ್ಕೆ ಬರುವ ಸ್ಥಿರಾಂಕ ಸುಮಾರು 1.7×10¹⁰.

ಈಗ ಒಂದು ಲೀಟರ್ ದ್ರಾವಣದಲ್ಲಿ ಇವೆರಡರ ಸಂಯುಕ್ತ 0.01 ಮೋಲ್ ಇದೆಯೆನ್ನಿ. ಬಿಡಿಯಾದ ಕ್ಯಾಲ್ಸಿಯಂ 'ಕ್ಷ' ಆದರೆ ಬಿಡಿಯಾದ ಇ.ಡಿ.ಟಿ.ಎ. ಕೂಡ 'ಕ್ಷ'ವೇ, ಎರಡೂ ಬಂದದ್ದು ಒಂದೇ ಸಂಯುಕ್ತದಿಂದ. 0.01ನ್ನು ಕ್ಷ²ದಿಂದ ಭಾಗಿಸಿದರೆ 1.7×10¹⁰ ಬರಬೇಕು. ಹಾಗಾದರೆ ಕ್ಷ ಸುಮಾರು 7.7×10⁻⁷ ಮೋಲ್. ಅಂದರೆ ಹತ್ತು ಸಾವಿರಕ್ಕೆ ಒಂದು ಅಯಾನೂ ತಪ್ಪಿಸಿಕೊಂಡಿಲ್ಲ, ಸಂಯುಕ್ತವನ್ನು 0.01 ಎಂದೇ ಎಣಿಸಿದ್ದು ಸರಿಯಾಯಿತು. ಆಮ್ಲ ಹೆಚ್ಚಿದರೆ ಹೈಡ್ರೋಜನ್ ಅಯಾನುಗಳು ಆ ಚಿಮುಟಗಳನ್ನು ತಾವೇ ಆಕ್ರಮಿಸುತ್ತವೆ, ಹಿಡಿತ ಸಡಿಲವಾಗುತ್ತದೆ. ಪ್ರಯೋಗಶಾಲೆಯಲ್ಲಿ ಮೊದಲು ಅಮೋನಿಯಾ ಬಫರ್ ಹಾಕುವುದು ಇದಕ್ಕಾಗಿಯೇ.

ಇದು ಕಿರಾಣಿ ಅಂಗಡಿಯ ಖಾತೆಯಂತೆ: ತಂದ ಸರಕೆಷ್ಟು, ಮಾರಿದ್ದೆಷ್ಟು, ಉಳಿದದ್ದೆಷ್ಟು. ಇಂಗ್ಲಿಷ್ ಪದಗಳನ್ನು ಕಲಿಯಲೇಬೇಕು, ಸಂದೇಹವಿಲ್ಲ. ಆದರೆ ಲೆಕ್ಕದ ಜಾಡು ತಾಯ್ನುಡಿಯಲ್ಲಿ ತಿಳಿದವನಿಗೆ ಪದಗಳು ಒಂದು ತಿಂಗಳ ಕೆಲಸ. ಜಾಡೇ ತಿಳಿಯದವನಿಗೆ ಯಾವ ಭಾಷೆಯೂ ನೆರವಾಗದು. ಭಾಷೆಗೆ ಅಂಜಿ ವಿಜ್ಞಾನವನ್ನೇ ಬಿಟ್ಟ ಜಾಣ ಮಕ್ಕಳನ್ನು ನಾನು ಕಂಡಿದ್ದೇನೆ. ಆ ನಷ್ಟ ಮುಂದುವರಿಯಬಾರದು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದೇ ವಿನಂತಿ: ಊರಿಗೆ ಬಂದಾಗ ಒಂದು ದಿನ ಶಾಲೆಗೆ ಬನ್ನಿ. ನೀವು ಕಲಿತ ಒಂದು ಕಷ್ಟದ ಲೆಕ್ಕವನ್ನು ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಬಿಡಿಸಿ ತೋರಿಸಿ.